ಬಾವಿಯ ಆಳದ ನೀರು

ನಮ್ಮ ಮನೆಯಲ್ಲಿ ನಮಾಜು ಬೇರೆ, ದುವಾ ಬೇರೆ. ನಮಾಜು ಹೊತ್ತಿಗೆ ಸರಿಯಾಗಿ ಸಲ್ಲಿಸಬೇಕಾದ ಫರ್ಜ್. ದುವಾ ಎಂದರೆ ಕೈಯೊಡ್ಡಿ ಕೇಳಿಕೊಳ್ಳುವುದು. ಫಜರ್ ನಮಾಜು ಮುಗಿಸಿ ಜಾನಮಾಜಿನ ಮೇಲೆಯೇ ಕುಳಿತು ಅಮ್ಮಿ ಕೈಯೆತ್ತಿದರೆಂದರೆ ಏನು ಕೇಳುತ್ತಿದ್ದಾರೆಂದು ಮನೆಯವರಿಗೆಲ್ಲ ಗೊತ್ತಿರುತ್ತಿತ್ತು. ಅಬ್ಬಾರ ಸಾಲ ತೀರಲಿ, ಭಾಯಿಗೆ ಕೆಲಸ ಸಿಗಲಿ, ಆಪಾಳಿಗೆ ಒಳ್ಳೆಯ ಮನೆತನ ಒದಗಲಿ. ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಅನಂತರ ಕನ್ನಡ ಶಾಲೆಗೆ ಸೇರಿದಾಗ ಅಲ್ಲಿ ಈ ಎರಡಕ್ಕೂ ಇದ್ದದ್ದು ಒಂದೇ ಪದ, ಪ್ರಾರ್ಥನೆ. ಗಂಟೆ ಹೊಡೆದ ಮೇಲೆ ಅಂಗಳದಲ್ಲಿ ಸಾಲಾಗಿ ನಿಂತು ಹಾಡುವುದೂ ಪ್ರಾರ್ಥನೆಯೇ, ಪರೀಕ್ಷೆಯ ಹಿಂದಿನ ರಾತ್ರಿ ಮನಸ್ಸಿನಲ್ಲೇ ಬೇಡಿಕೊಳ್ಳುವುದೂ ಪ್ರಾರ್ಥನೆಯೇ. ಕರ್ತವ್ಯ ಮತ್ತು ಬೇಡಿಕೆ, ಈ ಎರಡು ಅರ್ಥಗಳಲ್ಲೇ ನಾನು ಬೆಳೆದೆ. ಆ ಪದಕ್ಕೆ ಮೂರನೆಯ ಅರ್ಥವೊಂದಿದೆ ಎಂದು ತಿಳಿದದ್ದು ಕ್ರೈಸ್ತರಿಂದ. ಅದೂ ಸಂಕಟದ ದಿನಗಳಲ್ಲಿ.

2013ರಲ್ಲಿ ಆಪಾ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಳು. ಕೊನೆಯ ಎರಡು ತಿಂಗಳು ಅವಳು ಕ್ರೈಸ್ತ ಸನ್ಯಾಸಿನಿಯರು ನಡೆಸುವ ಒಂದು ಆಸ್ಪತ್ರೆಯಲ್ಲಿದ್ದಳು. ನೋಡಲು ಬಂದ ನೆಂಟರೆಲ್ಲರದೂ ಒಂದೇ ಮಾತು: ಸಬರ್ ಮಾಡು, ಕಾಯಿಲೆಯಿಂದ ಗುನಾಹ್ ಕಳೆಯುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಆಪಾ ನನ್ನ ಕಡೆ ತಿರುಗಿ, "ಅಷ್ಟೊಂದು ಗುನಾಹ್ ನಾನು ಯಾವಾಗ ಮಾಡಿದೆನೇ?" ಎಂದು ಕೇಳಿದಳು. ಬೀಡಿ ಕಟ್ಟಿ ಮೂರು ಮಕ್ಕಳನ್ನು ಓದಿಸಿದವಳು ಅವಳು. ಗುನಾಹ್ ಮಾಡುವುದಕ್ಕೆ ಅವಳಿಗೆ ಪುರಸೊತ್ತಾದರೂ ಎಲ್ಲಿತ್ತು? ನನ್ನಲ್ಲಿ ಉತ್ತರವಿರಲಿಲ್ಲ.

ರಾತ್ರಿ ಪಾಳಿಯಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರು ಬರುತ್ತಿದ್ದರು. ಇಂಜೆಕ್ಷನ್ ಕೊಟ್ಟು, ಹಾಸಿಗೆ ಸರಿಮಾಡಿ, ಬಿಡುವಿದ್ದರೆ ಆಪಾಳ ಪಕ್ಕದಲ್ಲೇ ಸ್ಟೂಲಿನ ಮೇಲೆ ಕುಳಿತು ಜಪಮಣಿ ಎಣಿಸುತ್ತಿದ್ದರು. ಆಪಾಳ ಕೈಯಲ್ಲಿ ತಸ್ಬೀ, ಅವರ ಕೈಯಲ್ಲಿ ಜಪಮಣಿ. ಒಮ್ಮೆ ಆಪಾ, "ಸಿಸ್ಟರ್, ನನಗೆ ವಾಸಿಯಾಗಲಿ ಅಂತ ಕೇಳ್ತೀರಾ?" ಎಂದಳು. ಸಿಸ್ಟರ್ ಸುಳ್ಳು ಹೇಳಲಿಲ್ಲ. "ಮೊದಲು ಹಾಗೇ ಕೇಳ್ತಿದ್ದೆ ಅಮ್ಮ. ಈಗ ನೀವು ಒಬ್ಬರೇ ಆಗಬಾರದು ಅಂತ ಕೇಳ್ತೀನಿ. ಅದಕ್ಕೇ ಇಲ್ಲಿ ಕೂತಿದ್ದೀನಿ" ಎಂದರು. ಅವತ್ತು ಆಪಾ ಬಹಳ ದಿನಗಳ ನಂತರ ನಿದ್ದೆ ಮಾಡಿದಳು. ಕಾಯಿಲೆ ವಾಸಿಯಾಗಲಿಲ್ಲ. ಆದರೆ ಗುನಾಹಿನ ಲೆಕ್ಕವನ್ನು ಅವಳು ಮತ್ತೆ ಕೇಳಲಿಲ್ಲ.

ಆಪಾ ತೀರಿಕೊಂಡ ಮರುವರ್ಷ ಗೆಳೆಯರೊಬ್ಬರ ಮನೆಯಲ್ಲಿ ಒಂದು ಫ್ರೆಂಚ್ ಚಲನಚಿತ್ರ ನೋಡಿದೆ. 2010ರ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರೀ ಪಡೆದ 'ಆಫ್ ಗಾಡ್ಸ್ ಅಂಡ್ ಮೆನ್'. ಆಲ್ಜೀರಿಯಾದ ಬೆಟ್ಟದ ಮೇಲಿನ ಒಂದು ಮಠದಲ್ಲಿದ್ದ ಕ್ರೈಸ್ತ ಸನ್ಯಾಸಿಗಳ ನಿಜಕಥೆ. ಕೊಲೆಗಡುಕರು ಬರುತ್ತಾರೆಂದು ಗೊತ್ತಿದ್ದೂ ಆ ಸನ್ಯಾಸಿಗಳು ಊರು ಬಿಟ್ಟು ಹೋಗುವುದಿಲ್ಲ. ದಿನವೂ ಹೊತ್ತುಹೊತ್ತಿಗೆ ನಿಂತು ಪ್ರಾರ್ಥಿಸುತ್ತಾರೆ. ಆ ಪ್ರಾರ್ಥನೆಯಲ್ಲಿ ನನಗೆ ಕಂಡದ್ದು ಸ್ಟೂಲಿನ ಮೇಲೆ ಕುಳಿತ ಆ ಸಿಸ್ಟರ್. ಆದರೆ ನೆಮ್ಮದಿಯ ಜೊತೆಗೆ ಒಂದು ಮುಳ್ಳೂ ಚುಚ್ಚಿತು. ಆ ಸನ್ಯಾಸಿಗಳನ್ನು ಹೊತ್ತೊಯ್ದವರು ನನ್ನ ಧರ್ಮದ ಹೆಸರು ಹೇಳುತ್ತಿದ್ದವರು. ಅಂದಿನಿಂದ ಇಷ್ಟು ವರ್ಷ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ.

ಆ ಜಾಗದ ಹೆಸರು ತಿಬಿರಿನ್. ಸ್ಥಳೀಯ ಬೆರ್ಬರ್ ಭಾಷೆಯಲ್ಲಿ ಹಾಗೆಂದರೆ ತೋಟಗಳು. ರಾಜಧಾನಿ ಆಲ್ಜಿಯರ್ಸ್‌ನ ದಕ್ಷಿಣಕ್ಕೆ, ಮೆದಿಯಾ ಪಟ್ಟಣದ ಬಳಿ, ಅಟ್ಲಾಸ್ ಬೆಟ್ಟಸಾಲಿನಲ್ಲಿದೆ. 1938ರಿಂದ ಅಲ್ಲಿ ಟ್ರ್ಯಾಪಿಸ್ಟ್ ಪಂಥದ ಸನ್ಯಾಸಿಗಳಿದ್ದರು. ಈ ಪಂಥದವರು ಧರ್ಮಪ್ರಚಾರಕ್ಕೆ ಹೊರಡುವವರಲ್ಲ. ಸೇರಿದ ಮಠದಲ್ಲೇ ಕೊನೆಯವರೆಗೂ ಇರುತ್ತೇನೆಂದು ವ್ರತ ತೊಡುವವರು. ದುಡಿಮೆ, ಮೌನ, ಪ್ರಾರ್ಥನೆ, ಇಷ್ಟೇ ಅವರ ಬದುಕು. ಕತ್ತಲಿರುವಾಗಲೇ ಎದ್ದು, ದಿನಕ್ಕೆ ಏಳು ಸಲ ಸೇರಿ ಕೀರ್ತನೆಗಳನ್ನು ಹಾಡುತ್ತಾರೆ. ಕೀರ್ತನೆಗಳೆಂದರೆ ಬೇರೇನಲ್ಲ, ಹಜ್ರತ್ ದಾವೂದರಿಗೆ ಇಳಿದು ಬಂದಿತೆಂದು ನಾವು ನಂಬುವ ಜಬೂರ್ ಗ್ರಂಥಕ್ಕೆ ಕ್ರೈಸ್ತರು ಇಟ್ಟುಕೊಂಡಿರುವ ಹೆಸರು. ತೌರಾತ್, ಜಬೂರ್, ಇಂಜೀಲ್ ಎಂದು ಉರ್ದು ಶಾಲೆಯಲ್ಲಿ ಬಾಯಿಪಾಠ ಮಾಡಿದವಳು ನಾನು. ಆ ಜಬೂರನ್ನು ಹಗಲು ರಾತ್ರಿ ಹಾಡುವ ಜನರಿದ್ದಾರೆಂದು ನಮಗೆ ಯಾರೂ ಹೇಳಿರಲಿಲ್ಲ.

ಮಠದ ಸುತ್ತ ಇದ್ದವರೆಲ್ಲ ಬಡ ಮುಸ್ಲಿಮ್ ರೈತರು. ಅವರಿಗೆ ಮಸೀದಿ ಇಲ್ಲದಿದ್ದಾಗ ಮಠದವರು ತಮ್ಮ ಆವರಣದಲ್ಲೇ ಒಂದು ಜಾಗ ಬಿಟ್ಟುಕೊಟ್ಟರು. ಮಠದ ಗಂಟೆಯೂ ಅಜಾನ್ ಕೂಡ ಒಂದೇ ಗೋಡೆಯ ಒಳಗಿನಿಂದ ಕೇಳಿಬರುತ್ತಿದ್ದವು. ಲ್ಯೂಕ್ ಎಂಬ ವೈದ್ಯ ಸನ್ಯಾಸಿ 1940ರ ದಶಕದಿಂದ ಅಲ್ಲಿದ್ದರು. ಬಂದವರಿಗೆಲ್ಲ ಪುಕ್ಕಟೆ ಔಷಧಿ. ಬಂದವನು ಸೈನಿಕನೋ ಬಂಡುಕೋರನೋ ಎಂದು ಕೇಳುವ ಪದ್ಧತಿ ಅವರಲ್ಲಿರಲಿಲ್ಲ. 1959ರಲ್ಲಿ, ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ, ಹೋರಾಟಗಾರರು ಅವರನ್ನು ಎತ್ತಿಕೊಂಡು ಹೋಗಿ ಬಿಟ್ಟು ಕಳಿಸಿದ್ದರು. ಆಮೇಲೂ ಅವರು ಊರು ಬಿಡಲಿಲ್ಲ.

ಮಠದ ಹಿರಿಯರಾಗಿದ್ದವರು ಕ್ರಿಸ್ತಿಯಾಂ ದ ಶೆರ್ಜೆ. ಅವರ ಕಥೆಯಿಲ್ಲದೆ ತಿಬಿರಿನ್‌ನ ಪ್ರಾರ್ಥನೆ ಅರ್ಥವಾಗದು. ಅದೇ 1959ರಲ್ಲಿ ಅವರು ಇಪ್ಪತ್ತೆರಡು ವರ್ಷದ ಫ್ರೆಂಚ್ ಸೇನಾಧಿಕಾರಿಯಾಗಿ ಆಲ್ಜೀರಿಯಾಕ್ಕೆ ಬಂದಿದ್ದರು. ಅಂದರೆ ಆಳುವವರ ಕಡೆಯವರು. ಅಲ್ಲಿ ಅವರಿಗೆ ಮುಹಮ್ಮದ್ ಎಂಬ ಹಳ್ಳಿಯ ಕಾವಲುಗಾರನ ಸ್ನೇಹವಾಯಿತು. ಹತ್ತು ಮಕ್ಕಳ ತಂದೆ, ದೈವಭಕ್ತ. ಇಬ್ಬರೂ ನಡೆಯುತ್ತ ದೇವರ ಬಗ್ಗೆ ಮಾತಾಡುತ್ತಿದ್ದರು. ಕ್ರೈಸ್ತರಿಗೆ ಪ್ರಾರ್ಥನೆ ಮಾಡುವುದು ಗೊತ್ತಿಲ್ಲವೆಂದು ಮುಹಮ್ಮದ್ ಒಮ್ಮೆ ಬೇಸರದಿಂದ ಹೇಳಿದ್ದನಂತೆ. ಅವನು ಕಂಡಿದ್ದ ಕ್ರೈಸ್ತರೆಂದರೆ ಬಂದೂಕು ಹಿಡಿದ ಸೈನಿಕರು ತಾನೆ? ಒಂದು ದಿನ ಹೋರಾಟಗಾರರ ದಾಳಿಯಾದಾಗ ಮುಹಮ್ಮದ್ ಅಡ್ಡ ನಿಂತು ಈ ಅಧಿಕಾರಿಯನ್ನು ಕಾಪಾಡಿದ. ಮರುದಿನ ಅವನು ತನ್ನ ಬಾವಿಯ ಬಳಿ ಕೊಲೆಯಾಗಿ ಬಿದ್ದಿದ್ದ.

ಹತ್ತು ಮಕ್ಕಳನ್ನು ಬಿಟ್ಟು ಹೋದ ಒಬ್ಬ ಬಡ ಮುಸ್ಲಿಮನ ಜೀವಕ್ಕೆ ಪ್ರತಿಯಾಗಿ ತನ್ನ ಜೀವ ಉಳಿಯಿತು ಎಂಬುದನ್ನು ಕ್ರಿಸ್ತಿಯಾಂ ಕೊನೆಯವರೆಗೂ ಮರೆಯಲಿಲ್ಲ. ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ದೊಡ್ಡ ಪ್ರೀತಿ ಇಲ್ಲವೆಂಬುದು ಯೇಸುವಿನ ಬೋಧನೆ. ಅದನ್ನು ತನಗೆ ಬದುಕಿ ತೋರಿಸಿದವನು ಒಬ್ಬ ಮುಸ್ಲಿಮ್ ಎಂದು ಅವರು ತಿಳಿದರು. ಪಾದ್ರಿಯಾದರು, 1971ರಲ್ಲಿ ತಿಬಿರಿನ್‌ಗೆ ಬಂದರು, ರೋಮಿನಲ್ಲಿ ಅರಬ್ಬಿ ಮತ್ತು ಇಸ್ಲಾಮಿನ ಅಧ್ಯಯನ ಮಾಡಿದರು. ಗೆಳೆಯರೊಡನೆ ಸೇರಿ 1979ರಲ್ಲಿ 'ರಿಬಾತ್ ಅಸ್ಸಲಾಮ್' ಎಂಬ ಶಾಂತಿಬಂಧವನ್ನು ಕಟ್ಟಿದರು. ಮೆದಿಯಾದ ಅಲವಿಯಾ ಸೂಫಿಗಳು ಅದರೊಡನೆ ಸೇರಿಕೊಂಡರು. ಧರ್ಮಶಾಸ್ತ್ರದ ವಾದ ಬೇಡ, ಒಟ್ಟಿಗೆ ಕುಳಿತು ಪ್ರಾರ್ಥಿಸೋಣ ಎಂಬುದು ಅವರ ಒಪ್ಪಂದ. ಕ್ರೈಸ್ತರಿಗೆ ಪ್ರಾರ್ಥಿಸಲು ಬಾರದೆಂದ ಗೆಳೆಯನಿಗೆ ಒಬ್ಬ ಮನುಷ್ಯ ಇಡೀ ಬದುಕನ್ನೇ ಉತ್ತರವಾಗಿ ಕೊಟ್ಟ ಹಾಗಿದೆ ಇದು.

ಕ್ರಿಸ್ತಿಯಾಂ ಅವರಿಗೆ ಊರಿನ ಒಬ್ಬ ಮುಸ್ಲಿಮ್ ತರುಣನೊಡನೆ ದೇವರ ಬಗ್ಗೆ ಮಾತಾಡುವ ಅಭ್ಯಾಸವಿತ್ತು. ಆ ಮಾತುಕತೆಗೆ ಇಬ್ಬರೂ ಬಾವಿ ತೋಡುವುದು ಎಂದು ಹೆಸರಿಟ್ಟಿದ್ದರು. ಒಮ್ಮೆ ಕ್ರಿಸ್ತಿಯಾಂ ತಮಾಷೆಗೆ, ಬಾವಿಯ ತಳದಲ್ಲಿ ಸಿಗುವುದು ಮುಸ್ಲಿಮರ ನೀರೋ ಕ್ರೈಸ್ತರ ನೀರೋ ಎಂದು ಕೇಳಿದರು. ಇಷ್ಟು ದಿನ ಒಟ್ಟಿಗೆ ತೋಡಿದ ಮೇಲೂ ಹೀಗೆ ಕೇಳುತ್ತೀರಲ್ಲ, ಅಲ್ಲಿರುವುದು ದೇವರ ನೀರು ಎಂದು ತರುಣ ಉತ್ತರಿಸಿದ. ಒಂದು ಬಾವಿಯ ಬಳಿ ಒಬ್ಬ ಗೆಳೆಯನ ರಕ್ತ ಬಿದ್ದಿತ್ತು, ಇನ್ನೊಂದು ಬಾವಿಯಲ್ಲಿ ಇನ್ನೊಬ್ಬ ಗೆಳೆಯ ನೀರು ತೋರಿಸಿದ. ಆಶೆ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಈ ಎರಡು ಬಾವಿಗಳ ಕಥೆ ಹೇಳುತ್ತೇನೆ.

ಆದರೆ ಆಶೆಯ ಪರೀಕ್ಷೆ ಮುಂದೆ ಕಾದಿತ್ತು. 1992ರ ಜನವರಿಯಲ್ಲಿ ಆಲ್ಜೀರಿಯಾದ ಚುನಾವಣೆಯನ್ನು ಸೇನೆ ರದ್ದು ಮಾಡಿಸಿತು. ಅಂತರ್ಯುದ್ಧ ಹತ್ತಿಕೊಂಡಿತು. ಸತ್ತವರ ಸಂಖ್ಯೆ ಒಂದು ಲಕ್ಷದಿಂದ ಎರಡು ಲಕ್ಷದವರೆಗೆ ಎಂದು ಅಂದಾಜು. ಸತ್ತವರಲ್ಲಿ ಬಹುಪಾಲು ಮುಸ್ಲಿಮರೇ. ಸಶಸ್ತ್ರ ಇಸ್ಲಾಮಿಕ್ ಗುಂಪು, ಅಂದರೆ ಜಿಐಎ, ವಿದೇಶಿಯರೆಲ್ಲ 1993ರ ನವೆಂಬರ್ ಮುಗಿಯುವುದರೊಳಗೆ ದೇಶ ಬಿಡಬೇಕೆಂದು ಗಡುವು ಕೊಟ್ಟಿತು. ಡಿಸೆಂಬರ್ 14ರಂದು ಮಠಕ್ಕೆ ಹತ್ತಿರದಲ್ಲೇ ಕೆಲಸ ಮಾಡುತ್ತಿದ್ದ ಹನ್ನೆರಡು ಮಂದಿ ಕ್ರೊವೇಷಿಯನ್ ಕಾರ್ಮಿಕರ ಕತ್ತು ಕೊಯ್ದರು. ಹತ್ತು ದಿನಗಳ ನಂತರ, ಕ್ರಿಸ್‌ಮಸ್ ಹಿಂದಿನ ರಾತ್ರಿ, ಸಯಾ ಅತ್ತಿಯಾ ಎಂಬ ನಾಯಕ ತನ್ನ ಬಂದೂಕುಧಾರಿಗಳೊಡನೆ ಮಠದ ಬಾಗಿಲಿಗೆ ಬಂದ. ವೈದ್ಯರು ಬೇಕು, ಔಷಧಿ ಬೇಕು, ಹಣ ಬೇಕು ಎಂದ. ಇದು ಪ್ರಾರ್ಥನೆಯ ಮನೆ, ಇಲ್ಲಿಗೆ ಆಯುಧ ತರುವಂತಿಲ್ಲ ಎಂದು ಕ್ರಿಸ್ತಿಯಾಂ ಅವನನ್ನು ಹೊರಗೆ ಕರೆದೊಯ್ದರು. ಮುದುಕ ಲ್ಯೂಕ್ ಬೆಟ್ಟ ಹತ್ತಲಾರರು, ಗಾಯಾಳುಗಳು ಇಲ್ಲಿಗೇ ಬರಲಿ ಎಂದರು. ಈ ರಾತ್ರಿ ಈಸಾ ಹುಟ್ಟಿದ ಹಬ್ಬ ಎಂದು ತಿಳಿಸಿದರು. ಅವನು ಕ್ಷಮೆ ಕೇಳಿ ಹೊರಟುಹೋದ. ಸನ್ಯಾಸಿಗಳು ಒಳಗೆ ಹೋಗಿ ನಡುರಾತ್ರಿಯ ಪೂಜೆಯನ್ನು ನಡೆಸಿದರು.

ಆ ಮನುಷ್ಯನಿಗಾಗಿ ಏನೆಂದು ಪ್ರಾರ್ಥಿಸುವುದು? ಈ ಪ್ರಶ್ನೆ ಕ್ರಿಸ್ತಿಯಾಂ ಅವರನ್ನು ಕಾಡಿತು. ಅಪಹರಣಕ್ಕೆ ಕೆಲವೇ ವಾರಗಳ ಮೊದಲು, 1996ರ ಮಾರ್ಚ್‌ನಲ್ಲಿ, ಅವರು ಒಂದು ಉಪನ್ಯಾಸದಲ್ಲಿ ಇದನ್ನು ವಿವರಿಸಿದ್ದಾರೆ. ಅವನನ್ನು ಕೊಲ್ಲು ಎಂದು ದೇವರನ್ನು ಕೇಳಲಾಗದು. ಅವನ ಕೈಯ ಆಯುಧ ಕೆಳಗಿಡಿಸು ಎಂದು ಕೇಳಬಹುದು. ಆದರೆ ಹಾಗೆ ಕೇಳುವ ಹಕ್ಕು ಬರಬೇಕಾದರೆ, ಮೊದಲು ನನ್ನೊಳಗಿನ ಆಯುಧವನ್ನು ಕೆಳಗಿಡಿಸು, ನಮ್ಮೆಲ್ಲರ ಆಯುಧ ಕೆಳಗಿಡಿಸು ಎಂದು ಕೇಳಬೇಕಲ್ಲವೇ? ಇದು ಅವರ ದಿನನಿತ್ಯದ ಪ್ರಾರ್ಥನೆಯಾಯಿತು. ದುವಾದಲ್ಲಿ ಕೈಯೆತ್ತುವಾಗ ಅಂಗೈ ಖಾಲಿಯಿರುತ್ತದೆ. ಅದು ಬೇಡುವ ಭಂಗಿ ಎಂದಷ್ಟೇ ಅಲ್ಲ, ಕೈಯಲ್ಲಿ ಏನನ್ನೂ ಹಿಡಿದಿಲ್ಲವೆಂದು ತೋರಿಸುವ ಭಂಗಿಯೂ ಹೌದೆಂದು ಅವರನ್ನು ಓದಿದ ಮೇಲೆ ನನಗನ್ನಿಸಿತು.

ಇಲ್ಲಿ ನಂಬಿಕೆಯ ಪ್ರಶ್ನೆಯೊಂದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕ್ರೈಸ್ತ ಪ್ರಾರ್ಥನೆಯ ತಿರುಳೇ ಶಿಲುಬೆ. ಈಸಾ ಅಲೈಹಿಸ್ಸಲಾಮ್ ಶಿಲುಬೆಯ ಮೇಲೆ ಸತ್ತರೆಂಬುದನ್ನು ನಾವು ಒಪ್ಪುವುದಿಲ್ಲ. ನಾನೂ ಒಪ್ಪಿಲ್ಲ. ಹೀಗಿರುವಾಗ ಶಿಲುಬೆಯ ಮುಂದೆ ಮಂಡಿಯೂರುವವರ ಪ್ರಾರ್ಥನೆಯಿಂದ ನಾನು ಆಶೆಯನ್ನು ಪಡೆಯುವುದು ಹೇಗೆ? ಇಂಜೀಲಿನ ಕಥೆಯನ್ನು ಓದಿದರೆ, ಬಂಧನವಾದ ರಾತ್ರಿಯೇ, ಅದಕ್ಕೆ ಮುಂಚೆ, ಯೇಸು ತೋಟದಲ್ಲಿ ಒಬ್ಬರೇ ಪ್ರಾರ್ಥಿಸುತ್ತಾರೆ. ಸಾಧ್ಯವಿದ್ದರೆ ಈ ಸಂಕಟ ತಪ್ಪಲಿ ಎಂಬುದೇ ಅವರ ಮೊದಲ ಬೇಡಿಕೆ. ಒಪ್ಪಿಸಿಕೊಳ್ಳುವ ಮಾತು ಆಮೇಲಿನದು. ಶಿಲುಬೆಯ ಮೇಲೆ ಅವರ ಬಾಯಿಂದ ಬರುವುದು ಇಪ್ಪತ್ತೆರಡನೆಯ ಕೀರ್ತನೆಯ ಮೊದಲ ಸಾಲು. ಅದು ದೇವರನ್ನೇ ಪ್ರಶ್ನಿಸುವ ಸಾಲು. ನೋವು ಒಳ್ಳೆಯದೆಂದು ಅಲ್ಲಿ ಯಾರೂ ಹೇಳುವುದಿಲ್ಲ. ನೋವಿನಲ್ಲಿ ಕೂಗಬಹುದು, ಆ ಕೂಗು ಕೂಡ ಇಬಾದತ್ ಎನ್ನುವುದು ಆ ಪ್ರಾರ್ಥನೆಯ ಸಾರ. ಇದನ್ನು ಅರಿತ ಮೇಲೆ ಮತ್ತೆ ಕುರ್‌ಆನ್ ತೆರೆದೆ. ಯೂಸುಫರನ್ನು ಕಳೆದುಕೊಂಡ ಹಜ್ರತ್ ಯಾಕೂಬರು ಅತ್ತು ಅತ್ತು ಕಣ್ಣು ಬೆಳ್ಳಗಾಗಿಸಿಕೊಂಡದ್ದು, ತಮ್ಮ ದುಃಖವನ್ನು ಅಲ್ಲಾಹನಲ್ಲೇ ದೂರಿಕೊಂಡದ್ದು, ಹಜ್ರತ್ ಅಯ್ಯೂಬರು ಕಷ್ಟದಲ್ಲಿ ಅವನನ್ನು ಕೂಗಿದ್ದು ಎಲ್ಲ ಅಲ್ಲಿಯೇ ಇದೆ. ಸಬರ್ ಎಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಪಕ್ಕದ ಮನೆಯ ದೀಪ ನಮ್ಮ ಅಂಗಳದಲ್ಲಿ ಬಿದ್ದಿದ್ದ ನಮ್ಮದೇ ಒಡವೆಯನ್ನು ತೋರಿಸಿತು.

ತ್ಯಾಗದ ಮಾತನ್ನೂ ಎಚ್ಚರಿಕೆಯಿಂದ ಆಡಬೇಕು. ಹೆಣ್ಣುಮಕ್ಕಳಾದ ನಮಗೆ ಈ ಪದ ಚೆನ್ನಾಗಿ ಗೊತ್ತು. ಹೊಡೆಯುವ ಗಂಡನ ಮನೆಗೆ ಮಗಳನ್ನು ಮತ್ತೆ ಕಳಿಸುವಾಗ ಹೇಳುವುದೂ ಕುರ್ಬಾನಿ, ಸಬರ್. ಇನ್ನೊಬ್ಬರು ಬಲವಂತವಾಗಿ ಹೊರಿಸಿದ್ದು ತ್ಯಾಗವಲ್ಲ, ಅನ್ಯಾಯ. ಕೊಲ್ಲುವವರೂ ತ್ಯಾಗದ ಭಾಷೆಯನ್ನೇ ಬಳಸುತ್ತಾರೆ. ಅವರು ಬಲಿ ಕೊಡುವುದು ಇನ್ನೊಬ್ಬರ ಕತ್ತನ್ನು. ತಿಬಿರಿನ್‌ನ ಸನ್ಯಾಸಿಗಳು ಒಬ್ಬೊಬ್ಬರಾಗಿ ಯೋಚಿಸಿ, ಚರ್ಚಿಸಿ, ಮತ ಹಾಕಿ ಉಳಿಯಲು ನಿರ್ಧರಿಸಿದರು. ಯಾರ ಮೇಲೂ ಒತ್ತಾಯವಿರಲಿಲ್ಲ. ಸಾಯುವ ಆಸೆಯೂ ಅವರಿಗಿರಲಿಲ್ಲ. ಊರಿನವರಿಗೆ ಓಡಿಹೋಗಲು ಬೇರೆ ದೇಶವಿಲ್ಲ, ನೆರೆಯವರನ್ನು ಬಿಟ್ಟು ನಾವು ಹೇಗೆ ಹೋಗುವುದು ಎಂಬುದು ಅವರ ಚಿಂತೆಯಾಗಿತ್ತು.

1993ರ ಡಿಸೆಂಬರ್ 1ರಂದು ಆರಂಭಿಸಿ 1994ರ ಜನವರಿ 1ರಂದು ಮುಗಿಸಿದ ಒಂದು ಪತ್ರವನ್ನು ಕ್ರಿಸ್ತಿಯಾಂ ತಮ್ಮ ಮನೆಯವರಿಗೆ ಕಳಿಸಿಟ್ಟಿದ್ದರು. ತಾನು ಕೊಲೆಯಾದರೆ ತೆರೆಯಲೆಂದು ಬರೆದದ್ದು. ತನ್ನ ಜೀವ ದೇವರಿಗೂ ಈ ದೇಶಕ್ಕೂ ಮೊದಲೇ ಕೊಟ್ಟದ್ದಾಗಿದೆ ಎನ್ನುತ್ತಾರೆ. ಹುತಾತ್ಮನಾಗುವ ಆಸೆ ತನಗಿಲ್ಲ, ಯಾಕೆಂದರೆ ತನ್ನ ಸಾವಿನ ಆರೋಪವನ್ನು ತಾನು ಪ್ರೀತಿಸುವ ಈ ಜನರ ಮೇಲೆ ಹೊರಿಸುತ್ತಾರೆ, ಇಸ್ಲಾಮನ್ನು ಉಗ್ರವಾದಿಗಳ ಕೃತ್ಯದೊಂದಿಗೆ ಒಂದು ಮಾಡಿ ನೋಡುತ್ತಾರೆ ಎಂಬ ಆತಂಕ ಅವರದು. ಕೊನೆಯಲ್ಲಿ ತನ್ನನ್ನು ಕೊಲ್ಲಲಿರುವ ಅಪರಿಚಿತನನ್ನೇ ಕೊನೆಯ ಗಳಿಗೆಯ ಗೆಳೆಯ ಎಂದು ಕರೆದು, ಇಬ್ಬರೂ ಸ್ವರ್ಗದಲ್ಲಿ ಭೇಟಿಯಾಗೋಣ ಎಂದು ಹಾರೈಸುತ್ತಾರೆ. ಪತ್ರ ಮುಗಿಯುವುದು ಆಮೆನ್ ಮತ್ತು ಇನ್‌ಷಾ ಅಲ್ಲಾಹ್ ಎಂಬ ಎರಡು ಮಾತುಗಳಿಂದ.

ಈ ಪತ್ರ ಓದಿದಾಗ ನನಗೆ ಕಣ್ಣೀರು ತಡೆಯಲಾಗಲಿಲ್ಲ. ಜಗತ್ತಿನ ಎಲ್ಲೋ ಬಾಂಬು ಸಿಡಿದರೆ ಮರುದಿನ ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ ಉತ್ತರ ಹೇಳಬೇಕಾದವರು ನಾವು. ಸಾವನ್ನು ಎದುರಿಗಿಟ್ಟುಕೊಂಡ ಒಬ್ಬ ಸನ್ಯಾಸಿ ತನ್ನ ಕತ್ತಿನ ಬಗ್ಗೆ ಚಿಂತಿಸದೆ ನನ್ನ ಮಾನದ ಬಗ್ಗೆ ಚಿಂತಿಸಿದ್ದ. ಹೆಸರೂ ಗೊತ್ತಿಲ್ಲದ ನನಗಾಗಿ, ನನ್ನಂಥವರಿಗಾಗಿ ಪ್ರಾರ್ಥಿಸಿದ್ದ.

1996ರ ಮಾರ್ಚ್ 26ರ ನಡುರಾತ್ರಿಯ ನಂತರ ಬಂದೂಕುಧಾರಿಗಳು ಬಂದು ಏಳು ಸನ್ಯಾಸಿಗಳನ್ನು ಎಳೆದೊಯ್ದರು. ಲ್ಯೂಕ್ ಅವರಿಗೆ ಆಗ 82 ವರ್ಷ. ಅವರನ್ನು ಕೊಂದಿರುವುದಾಗಿ ಮೇ ತಿಂಗಳಲ್ಲಿ ಜಿಐಎ ಹೆಸರಿನ ಹೇಳಿಕೆ ಹೊರಬಂತು. ಮೇ 30ರಂದು ಸಿಕ್ಕಿದ್ದು ತಲೆಗಳು ಮಾತ್ರ. ನಿಜವಾಗಿ ಕೊಂದವರಾರು, ಹೇಗೆ ಎಂಬ ವಿವಾದ ನ್ಯಾಯಾಲಯದವರೆಗೆ ಹೋಗಿ, ಇನ್ನೂ ಬಗೆಹರಿದಿಲ್ಲ. ಅದೇ ವರ್ಷದ ಆಗಸ್ಟ್ 1ರಂದು ಒರಾನ್‌ನ ಬಿಷಪ್ ಪಿಯೆರ್ ಕ್ಲಾವೆರಿ ಬಾಂಬಿಗೆ ಬಲಿಯಾದರು. ಅವರೊಡನೆ ಸತ್ತವನು ಅವರ ಕಾರು ಓಡಿಸುತ್ತಿದ್ದ ಮುಸ್ಲಿಮ್ ತರುಣ ಮುಹಮ್ಮದ್ ಬೂಶಿಖಿ. ಇಪ್ಪತ್ತೊಂದು ವರ್ಷದವನು. ಅಪಾಯ ತಿಳಿದಿದ್ದೂ ಬಿಷಪರನ್ನು ಬಿಡದವನು. 37 ವರ್ಷಗಳ ಹಿಂದೆ ಬಾವಿಯ ಬಳಿ ಬಿದ್ದವನ ಹೆಸರೂ ಮುಹಮ್ಮದ್ ಎಂದೇ ಇತ್ತಲ್ಲ ಎಂದು ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. 2018ರ ಡಿಸೆಂಬರ್ 8ರಂದು ಒರಾನ್‌ನಲ್ಲಿ ಕೆಥೊಲಿಕ್ ಸಭೆ ಆ ವರ್ಷಗಳಲ್ಲಿ ಕೊಲೆಯಾದ ತನ್ನ 19 ಮಂದಿಯನ್ನು ಪುನೀತರೆಂದು ಸಾರಿತು. ಹಿಂಸೆಗೆ ಫತ್ವಾ ಕೊಡಲು ನಿರಾಕರಿಸಿ ಪ್ರಾಣ ಕೊಟ್ಟ ನೂರಕ್ಕೂ ಹೆಚ್ಚು ಇಮಾಮರನ್ನೂ ಆಗ ನೆನೆಯಲಾಯಿತು.

ಇಷ್ಟೆಲ್ಲ ಸಾವುಗಳ ನಡುವೆ ಆಶೆ ಎಲ್ಲಿದೆ ಎಂದು ಓದುಗರು ಕೇಳಬಹುದು. ಪ್ರಾರ್ಥನೆ ಅವರನ್ನು ಉಳಿಸಲಿಲ್ಲ, ನಿಜ. ಆದರೆ ಅವರನ್ನು ಕೊಂದವರು ಗೆಲ್ಲದಂತೆ ನೋಡಿಕೊಂಡಿತು. ಎರಡು ಧರ್ಮದವರು ಒಂದೇ ಗೋಡೆಯೊಳಗೆ ಇರಲಾರರೆಂದು ತೋರಿಸುವುದೇ ಕೊಂದವರ ಉದ್ದೇಶವಾಗಿತ್ತು. ದ್ವೇಷಕ್ಕೆ ಬೇಕಾದ ಸಾಕ್ಷಿಯಾಗಿ ತಮ್ಮ ಹೆಣಗಳೂ ಒದಗಬಾರದೆಂದು ಸನ್ಯಾಸಿಗಳು ಮೊದಲೇ ಪ್ರಾರ್ಥಿಸಿ, ಬರೆದಿಟ್ಟು ಹೋಗಿದ್ದರು. ನಾಳೆ ಎಲ್ಲ ಸರಿಹೋಗುತ್ತದೆ ಎಂಬುದು ಅವರ ಆಶೆಯಾಗಿರಲಿಲ್ಲ. ಎಲ್ಲ ಕೆಟ್ಟುಹೋದಾಗಲೂ ನಾನು ಯಾರ ಪಕ್ಕದಲ್ಲಿರಬೇಕು ಎಂಬುದನ್ನು ನಾನೇ ಆರಿಸಿಕೊಳ್ಳಬಹುದು, ಆ ಆಯ್ಕೆಯನ್ನು ಬಂದೂಕು ಕಿತ್ತುಕೊಳ್ಳಲಾರದು ಎಂಬುದು ಅವರ ಆಶೆ.

ಆ ರಾತ್ರಿ ಬಂದೂಕುಧಾರಿಗಳ ಕಣ್ಣಿಗೆ ಬೀಳದೆ ಇಬ್ಬರು ಸನ್ಯಾಸಿಗಳು ಉಳಿದಿದ್ದರು. ಅವರಲ್ಲಿ ಒಬ್ಬರಾದ ಜಾನ್ ಪಿಯೆರ್ ಶೂಮಾಖರ್ ಮೊರೊಕ್ಕೊ ದೇಶದ ಮಠದಲ್ಲಿ ಅದೇ ಜಬೂರನ್ನು ಇನ್ನೂ ಇಪ್ಪತ್ತೈದು ವರ್ಷ ಹಾಡಿ, 2021ರಲ್ಲಿ ತಮ್ಮ 97ನೆಯ ವಯಸ್ಸಿನಲ್ಲಿ ತೀರಿಕೊಂಡರು. ಏಳು ಮಂದಿಯನ್ನು 1996ರ ಜೂನ್ 4ರಂದು ತಿಬಿರಿನ್‌ನಲ್ಲೇ ಮಣ್ಣು ಮಾಡಿದರು. ಸುತ್ತಲಿನ ಮುಸ್ಲಿಮ್ ನೆರೆಯವರೂ ಬಂದಿದ್ದರು. 2001ರಿಂದ ಹದಿನೈದು ವರ್ಷಗಳ ಕಾಲ ಬೇಸಾಯ ಬಲ್ಲ ಒಬ್ಬ ಫ್ರೆಂಚ್ ಪಾದ್ರಿ ಊರಿನವರ ಜೊತೆ ಸೇರಿ ಆ ತೋಟವನ್ನು ಮಾಡಿದರು. ಹಣ್ಣು ಬೆಳೆದರು, ಜಾಮ್ ಮಾಡಿ ಮಾರಿದರು. 2016ರಲ್ಲಿ ಇನ್ನೊಂದು ಕ್ರೈಸ್ತ ಸಮುದಾಯ ಅಲ್ಲಿಗೆ ಬಂದು ನೆಲೆಸಿತು. ಗೋರಿಗಳ ಪಕ್ಕದಲ್ಲೇ ಗಿಡಗಳಿಗೆ ನೀರು ಹಾಯಿಸುವ ಕೆಲಸ ಹೀಗೆ ಒಬ್ಬರಿಂದ ಒಬ್ಬರ ಕೈಗೆ ದಾಟುತ್ತ ಬಂದಿದೆ. ಅದು ಯಾರ ನೀರೆಂದು ಆ ಊರಿನ ತರುಣ ಎಂದೋ ಹೇಳಿಬಿಟ್ಟಿದ್ದಾನೆ.